ಅಣ್ಣನ ಪುಸ್ತಕ, ತಮ್ಮನ ಆಟ



ನಿವೃತ್ತನಾದ ಕನ್ನಡ ಮೇಷ್ಟ್ರೊಬ್ಬ ವಿಡಿಯೊ ಗೇಮುಗಳ ವಿಚಾರವಾಗಿ ಬರೆಯುತ್ತಾನೆಂದರೆ ನಿಮ್ಮಲ್ಲಿ ಹಲವರು ನಗಬಹುದು. ಕೊನೆಯ ಬೆಂಚಿನಲ್ಲಿ ಚುಕ್ಕಿ ಆಟ ಆಡುತ್ತಿದ್ದವರ ಹಾಳೆಗಳನ್ನು ಕಸಿದುಕೊಂಡು ಹರಿದುಹಾಕಿದವನು ನಾನೇ ಎಂಬುದನ್ನು ನೀವು ಮರೆತಿರಲಾರಿರಿ. ಆದರೂ ಇದನ್ನು ಬರೆಯದೆ ಇರಲು ಮನಸ್ಸು ಒಪ್ಪಲಿಲ್ಲ. ಅದರ ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ. ನಿಮ್ಮಲ್ಲಿ ಕೆಲವರಿಗೆ, ಮುಖ್ಯವಾಗಿ ನಾನು ಮೊದಲು ಕೆಲಸ ಮಾಡಿದ ಹೈಸ್ಕೂಲಿನ ಮೊದಲನೆಯ ಬ್ಯಾಚಿನವರಿಗೆ, ಅದು ಸಂಬಂಧಿಸಿದ್ದು.

2025ರ ಬೇಸಿಗೆಯನ್ನು ನಾನೂ ನನ್ನ ಮಡದಿಯೂ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಕಳೆದೆವು. ಮಗಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನಿಗೆ ಹದಿನೆಂಟು; ಆಗಸ್ಟಿನಲ್ಲಿ ಕಾಲೇಜಿಗೆಂದು ಬೇರೆ ರಾಜ್ಯಕ್ಕೆ ಹೊರಡುವವನಿದ್ದ. ಕಿರಿಯವನಿಗೆ ಹನ್ನೆರಡು. ಮನೆಯಲ್ಲಿದ್ದ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರ ಹಿರಿಯವನದು. ಅದು ಅವನೊಂದಿಗೇ ಹೋಗುವುದೆಂದು ತೀರ್ಮಾನವಾಗಿತ್ತು. ಅದೇ ಜೂನ್ 5ರಂದು ಸ್ವಿಚ್ 2 ಎಂಬ ಹೊಸ ಯಂತ್ರ ಮಾರುಕಟ್ಟೆಗೆ ಬಂದಿತು. ಬೆಲೆ 449 ಡಾಲರ್ 99 ಸೆಂಟ್. ಹುಟ್ಟುಹಬ್ಬಕ್ಕೂ ದೀಪಾವಳಿಗೂ ಬಂದ ಹಣವನ್ನು ಕೂಡಿಟ್ಟಿದ್ದ ಕಿರಿಯವನ ಬಳಿ 230 ಡಾಲರ್ ಇತ್ತು. ಉಳಿದದ್ದನ್ನು ನಾನು ಕೊಡುತ್ತೇನೆ ಎಂದು ಒಂದು ಸಂಜೆ ಊಟದ ಮೇಜಿನ ಮುಂದೆ ಹೇಳಿಬಿಟ್ಟೆ. ಅದು ಆ ಮನೆಯಲ್ಲಿ ಇತ್ಯರ್ಥವಾಗದೆ ನಡೆಯುತ್ತಿದ್ದ ವ್ಯಾಜ್ಯವೆಂಬುದು ಹೇಳಿದ ಮೇಲೆ ತಿಳಿಯಿತು.

"ಅಪ್ಪ, ನಿಮಗೆ ಗೊತ್ತಿಲ್ಲ. ನಿನ್ನೆಯ ಅನ್ನಕ್ಕೆ ಇವತ್ತು ಒಗ್ಗರಣೆ ಹಾಕಿ ಚಿತ್ರಾನ್ನ ಅಂತ ಮಾರ್ತಾರೆ. ಅರ್ಧಕ್ಕರ್ಧ ಹಳೇ ಆಟಗಳೇ" ಎಂದಳು ಮಗಳು.

ಹಿರಿಯವನು ತಾಯಿಯ ಪಕ್ಷ ವಹಿಸಿದ. "ಹೌದು ಅಜ್ಜ. ಲೈಬ್ರರಿ ಇನ್ನೂ ಬೆಳೆದಿಲ್ಲ. ಬರೀ ಪೋರ್ಟುಗಳು. ಎರಡು ವರ್ಷ ಕಾಯಲಿ."

ಕಿರಿಯವನು ಮಾತಾಡಲಿಲ್ಲ. ತಟ್ಟೆಯಲ್ಲಿದ್ದ ಚಪಾತಿಯನ್ನು ಸಣ್ಣಸಣ್ಣ ಚೂರುಗಳಾಗಿ ಹರಿಯುತ್ತ ಕುಳಿತಿದ್ದ. ನಲವತ್ತು ವರ್ಷ ಮಕ್ಕಳ ಮುಖ ನೋಡಿದವನಿಗೆ ಆ ಮೌನದಲ್ಲೊಂದು ಉತ್ತರವಿದೆಯೆಂದು ಅನ್ನಿಸಿತು. ಆದರೆ ಆ ಹೊತ್ತಿಗೆ ನನ್ನ ಕಿವಿ ಹಿಡಿದದ್ದು ಬೇರೆ ಎರಡು ಪದಗಳನ್ನು. ಒಂದು ಲೈಬ್ರರಿ, ಇನ್ನೊಂದು ಪೋರ್ಟ್. ಒಂದು ಯಂತ್ರದಲ್ಲಿ ಆಡಲು ದೊರೆಯುವ ಆಟಗಳನ್ನೆಲ್ಲ ಒಟ್ಟಾಗಿ ಆ ಯಂತ್ರದ ಲೈಬ್ರರಿ ಎನ್ನುತ್ತಾರಂತೆ. ಶಾಲೆಯ ಗ್ರಂಥಾಲಯದ ಬೀಗದಕೈಯನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದ ನನಗೆ ಆ ಮಾತು ಹಿತವಾಯಿತು. "ನನಗೆ ಎರಡು ವಾರ ಕೊಡಿ, ಓದಿಕೊಂಡು ತೀರ್ಪು ಹೇಳುತ್ತೇನೆ" ಎಂದೆ. ಮಗಳು ನಕ್ಕಳು. ಹಿರಿಯವನು ಮಾತ್ರ ತನ್ನ ಕಂಪ್ಯೂಟರನ್ನು ತಂದು ನನ್ನ ಮುಂದಿಟ್ಟು ಗುರುವಾಗಿ ಕುಳಿತ.

ಮೊದಲು ಪೋರ್ಟ್ ಎಂದರೇನೆಂದು ತಿಳಿಯಬೇಕಾಯಿತು. ಒಂದು ಯಂತ್ರಕ್ಕಾಗಿ ರಚಿಸಿದ ಆಟವನ್ನು ಮತ್ತೊಂದು ಯಂತ್ರದಲ್ಲಿ ನಡೆಯುವಂತೆ ಮಾರ್ಪಡಿಸುವುದೇ ಪೋರ್ಟ್ ಮಾಡುವುದು. ಇದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಮಾನು ಸಾಗಿಸುವಷ್ಟು ಸುಲಭವಲ್ಲ. ನಿಂಟೆಂಡೊ ಸಂಸ್ಥೆಯ ವೀ ಯು ಎಂಬ ಯಂತ್ರದಲ್ಲಿದ್ದದ್ದು ಪವರ್‌ಪಿಸಿ ಜಾತಿಯ ಪ್ರೊಸೆಸರ್. ಅದರ ನಂತರ ಬಂದ ಸ್ವಿಚ್‌ನಲ್ಲಿದ್ದದ್ದು ಆರ್ಮ್ ಜಾತಿಯದು. ಎರಡೂ ಬಲ್ಲ ಭಾಷೆಗಳೇ ಬೇರೆ. ವೀ ಯುವಿನ ಕೈಪೆಟ್ಟಿಗೆಯಲ್ಲಿ ಟಿವಿಯ ಜೊತೆಗೆ ಇನ್ನೊಂದು ಪರದೆ ಇತ್ತು. ಸ್ವಿಚ್‌ನಲ್ಲಿ ಒಂದೇ ಪರದೆ. ಎರಡನೆಯ ಪರದೆಯನ್ನು ನೆಚ್ಚಿ ರಚಿಸಿದ ಭಾಗಗಳನ್ನೆಲ್ಲ ಹೊಸದಾಗಿ ಯೋಚಿಸಬೇಕಾಗುತ್ತದೆ.

ಇದಕ್ಕೆ ಕನ್ನಡದಲ್ಲಿ ಏನೆನ್ನಬಹುದೆಂದು ನನ್ನ ಹಳೆಯ ಚಾಳಿಯಂತೆ ಯೋಚಿಸಿದೆ. ಅನುವಾದವೆಂದರೆ ಹತ್ತಿರವಾಗುತ್ತದೆ, ಆದರೆ ನಮ್ಮ ಮಲೆನಾಡಿನ ಗದ್ದೆ ಕಣ್ಣ ಮುಂದೆ ಬಂದಾಗ 'ನಾಟಿ' ಎಂಬುದೇ ಸರಿಯೆನಿಸಿತು. ಸಸಿಮಡಿಯಲ್ಲಿ ಬೆಳೆದ ಸಸಿಯನ್ನು ಕಿತ್ತು, ಕಟ್ಟು ಕಟ್ಟಿ, ಬೇರೆ ಗದ್ದೆಯ ಕೆಸರಿನಲ್ಲಿ ನೆಡುತ್ತಾರೆ. ಸಸಿ ಹಳೆಯದೇ, ಆದರೆ ಹೊಸ ಗದ್ದೆಯಲ್ಲಿ ಅದು ಬೇರು ಹಿಡಿಯಬೇಕು. ಬೇರು ಹಿಡಿದರೆ ಮಡಿಯಲ್ಲಿದ್ದಾಗಿನದಕ್ಕಿಂತ ಹೆಚ್ಚು ತೆಂಡೆ ಒಡೆಯುತ್ತದೆ. ಹಿಡಿಯದಿದ್ದರೆ ವಾರದಲ್ಲಿ ಹಳದಿಯಾಗುತ್ತದೆ.

ಹೊಸ ಯಂತ್ರ ಬಂದ ಮೊದಲ ತಿಂಗಳುಗಳಲ್ಲಿಯೇ ಇಂಥ ನಾಟಿ ಆಟಗಳು ಏಕೆ ಹೆಚ್ಚಾಗಿ ಬರುತ್ತವೆ? ಹೊಸ ಯಂತ್ರದ ಸ್ಥಿತಿ ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂಥದ್ದು. ಆಟಗಳಿಲ್ಲದಿದ್ದರೆ ಜನ ಯಂತ್ರವನ್ನು ಕೊಳ್ಳುವುದಿಲ್ಲ. ಜನ ಕೊಳ್ಳದಿದ್ದರೆ ಅದಕ್ಕಾಗಿ ಆಟ ರಚಿಸಲು ಯಾರೂ ಮುಂದೆ ಬರುವುದಿಲ್ಲ. ದೊಡ್ಡದೊಂದು ಹೊಸ ಆಟವನ್ನು ಕಟ್ಟಲು ನೂರಾರು ಜನ ವರ್ಷಗಟ್ಟಲೆ ದುಡಿಯಬೇಕು. ಇರುವ ಆಟವನ್ನು ಹೊಂದಿಸಿಕೊಳ್ಳಲು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಸಮಯವೂ ಹಣವೂ ಸಾಕು. ಹೊಂದಿಸಿಕೊಳ್ಳುವಾಗಲೇ ಹೊಸ ಯಂತ್ರದ ಗುಣದೋಷಗಳೂ ತಿಳಿಯುತ್ತವೆ. ಆದ್ದರಿಂದ ಇದನ್ನು ಬರಿಯ ಸೋಮಾರಿತನವೆಂದು ಹೇಳಲಾಗದು.

ಹಾಗಾದರೆ ಹಳೆಯ ಆಟಗಳ ನೆಲದ ಮೇಲೆ ನಿಂತು ಗೆದ್ದ ಯಂತ್ರ ಉಂಟೇ ಎಂದು ಹುಡುಕಿದೆ. ಹುಡುಕಿದರೆ ಈ ಉದ್ಯಮದ ಮೂಲಪುರುಷರ ಸಾಲಿನಲ್ಲಿಯೇ ಸಿಕ್ಕಿತು. ನಿಂಟೆಂಡೊ ತನ್ನ ಫ್ಯಾಮಿಕಾಮ್ ಎಂಬ ಯಂತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 1983ರ ಜುಲೈ 15ರಂದು. ಬೆಲೆ 14,800 ಯೆನ್. ಮೊದಲ ದಿನ ಅದರ ಲೈಬ್ರರಿಯಲ್ಲಿದ್ದ ಆಟಗಳು ಮೂರೇ ಮೂರು: ಡಾಂಕಿ ಕಾಂಗ್, ಡಾಂಕಿ ಕಾಂಗ್ ಜೂನಿಯರ್, ಪಾಪಾಯ್. ಮೂರೂ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಿಂದ ಬಂದವು. ಒಂದೂ ಫ್ಯಾಮಿಕಾಮ್‌ಗಾಗಿ ಹುಟ್ಟಿದ್ದಲ್ಲ. ಡಾಂಕಿ ಕಾಂಗ್‌ನ ಮೂಲದಲ್ಲಿದ್ದ ನಾಲ್ಕು ಹಂತಗಳಲ್ಲಿ ಒಂದು ಮನೆಯ ಯಂತ್ರಕ್ಕೆ ಬರುವಾಗ ಬಿಟ್ಟೇ ಹೋಗಿತ್ತು. ಆದರೂ ಜನ ಕೊಂಡರು. ನಾಣ್ಯದ ಮೇಲೆ ನಾಣ್ಯ ಹಾಕಿ ಆಡುತ್ತಿದ್ದ ಆಟವನ್ನು ಮನೆಯ ಜಗಲಿಯಲ್ಲಿ ಎಷ್ಟು ಬೇಕಾದರೂ ಆಡಬಹುದೆಂಬುದೇ ಅಲ್ಲಿನ ಹೊಸತನ. ಆಟ ಬದಲಾಗಲಿಲ್ಲ, ಅದನ್ನು ಆಡುವ ಸ್ಥಳವೂ ಸಲಿಗೆಯೂ ಬದಲಾದವು.

ಅದಕ್ಕೂ ಒಂದು ವರ್ಷ ಮೊದಲು, 1982ರಲ್ಲಿ, ಅಮೆರಿಕದ ಕೊಲೆಕೊ ಕಂಪನಿ ಕೊಲೆಕೊವಿಷನ್ ಎಂಬ ಯಂತ್ರವನ್ನು ಇದೇ ಡಾಂಕಿ ಕಾಂಗ್ ಆಟದ ಜೊತೆಗೇ ಪೆಟ್ಟಿಗೆಯಲ್ಲಿಟ್ಟು ಮಾರಿತ್ತು. ಅದಕ್ಕೂ ಒಳ್ಳೆಯ ಆರಂಭವೇ ದೊರೆಯಿತು. ಆದರೆ ಎರಡು ಯಂತ್ರಗಳ ಮುಂದಿನ ಹಾದಿ ಬೇರೆಬೇರೆಯಾಯಿತು. 1983ರ ಹೊತ್ತಿಗೆ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆಯೇ ಕುಸಿಯಿತು. ಕೊಲೆಕೊವಿಷನ್ 1985ರಲ್ಲಿ ನಿಂತುಹೋಯಿತು. ಅದೇ 1985ರ ಸೆಪ್ಟೆಂಬರಿನಲ್ಲಿ ಫ್ಯಾಮಿಕಾಮ್‌ಗೆಂದೇ ರಚಿತವಾದ ಸೂಪರ್ ಮಾರಿಯೊ ಬ್ರದರ್ಸ್ ಬಂದಿತು. ಮೂರು ನಾಟಿ ಆಟಗಳು ಯಂತ್ರವನ್ನು ಮನೆಗಳ ಒಳಗೆ ತಂದವು; ಅದು ಅಲ್ಲಿಯೇ ನೆಲೆಯೂರಿದ್ದು ಅಲ್ಲೇ ಹುಟ್ಟಿದ ಆಟಗಳಿಂದ. ಮಾರುಕಟ್ಟೆಯ ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ನಾಟಿ ಆಟಗಳ ಕೆಲಸ ಎಲ್ಲಿಯವರೆಗೆ ಎಂಬುದು ಈ ಎರಡು ಕತೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಕಾಣುತ್ತದೆ.

ಕೆಟ್ಟದಾಗಿ ನೆಟ್ಟ ಸಸಿಯ ಕತೆಯೂ ಒಂದಿದೆ. ಅಟಾರಿ 2600 ಎಂಬ ಯಂತ್ರ 1977ರದು. ಅದಕ್ಕೆ 1980ರಲ್ಲಿ ಬಂದ ಸ್ಪೇಸ್ ಇನ್ವೇಡರ್ಸ್ ಎಂಬ ಆರ್ಕೇಡ್ ಆಟ ಯಂತ್ರದ ಮಾರಾಟವನ್ನೇ ಮೇಲಕ್ಕೆತ್ತಿತು. ಆ ಧೈರ್ಯದ ಮೇಲೆ 1982ರಲ್ಲಿ ಪ್ಯಾಕ್‌ಮ್ಯಾನ್ ಆಟವನ್ನೂ ತಂದರು. ಆ ಯಂತ್ರಕ್ಕಿದ್ದ ಸ್ಮರಣಶಕ್ತಿ 128 ಬೈಟ್ ಮಾತ್ರ. ನೀವು ಈಗ ಓದುತ್ತಿರುವ ಈ ಒಂದು ಕನ್ನಡ ವಾಕ್ಯವನ್ನು ಕಂಪ್ಯೂಟರಿನಲ್ಲಿ ಉಳಿಸುವುದಕ್ಕೇ ಅದಕ್ಕಿಂತ ಹೆಚ್ಚು ಜಾಗ ಬೇಕು. ನಾಲ್ಕು ಭೂತಗಳನ್ನು ಒಟ್ಟಿಗೆ ತೋರಿಸಲಾಗದೆ ಅವು ಮಿಣುಕುತ್ತಿದ್ದವು. ಬಣ್ಣವೂ ಶಬ್ದವೂ ಮೂಲದಂತಿರಲಿಲ್ಲ. 70 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಕೊಂಡವರಲ್ಲಿ ಬಹಳಷ್ಟು ಜನ ನಿರಾಶರಾದರು. ಎಷ್ಟು ಮಾರಾಟವಾಯಿತೆಂಬ ಲೆಕ್ಕ ಒಂದನ್ನೇ ನೋಡಿದರೆ ಅದು ಗೆಲುವು. ಆದರೆ ಆ ಕಂಪನಿಯ ಮಾತಿನ ಮೇಲೆ ಜನರಿಗಿದ್ದ ನಂಬಿಕೆ ಅಲ್ಲಿಂದ ಸಡಿಲಗೊಂಡಿತು.

ಇದನ್ನೆಲ್ಲ ಓದಿ ಮುಗಿಸುವ ಹೊತ್ತಿಗೆ ಹಿರಿಯವನು ತನ್ನ ವಾದದ ಮುಖ್ಯ ಸಾಕ್ಷಿಯನ್ನು ತಂದ. "ಅಜ್ಜ, ವೀ ಯು ನೋಡಿ." 2012ರ ನವೆಂಬರಿನಲ್ಲಿ ಬಂದ ಆ ಯಂತ್ರದ ಮೊದಲ ಸಾಲಿನಲ್ಲಿ ಬೇರೆ ಯಂತ್ರಗಳಲ್ಲಿ ಆಗಲೇ ಆಡಿ ಮುಗಿದಿದ್ದ ದೊಡ್ಡ ಆಟಗಳು ಹಲವಿದ್ದವು. ಬ್ಯಾಟ್‌ಮ್ಯಾನ್ ಅರ್ಕಮ್ ಸಿಟಿ ಹಿಂದಿನ ವರ್ಷದ್ದು. ಮಾಸ್ ಎಫೆಕ್ಟ್ 3ರ ಕತೆಯಂತೂ ಇನ್ನೂ ವಿಚಿತ್ರ. ಅದು ಮೂರು ಭಾಗಗಳ ಒಂದು ದೊಡ್ಡ ಕತೆಯ ಕೊನೆಯ ಭಾಗ. ಬೇರೆ ಯಂತ್ರಗಳವರಿಗೆ ಆ ಮೂರೂ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ ದೊರೆತವು. ವೀ ಯುವಿನವರಿಗೆ ಅದೇ ಬೆಲೆಗೆ ಮೂರನೆಯ ಭಾಗ ಮಾತ್ರ. ಮೊದಲೆರಡು ಸಂಪುಟಗಳಿಲ್ಲದೆ ಮೂರನೆಯದನ್ನು ಕಪಾಟಿನಲ್ಲಿಟ್ಟ ಗ್ರಂಥಪಾಲಕನನ್ನು ಯಾರು ಮೆಚ್ಚುತ್ತಾರೆ? ಅಲ್ಲದೆ ಆ ಆಟಗಳನ್ನು ಬಯಸುವವರ ಮನೆಯಲ್ಲಿ ಅವುಗಳನ್ನು ಆಡುವ ಯಂತ್ರ ಮೊದಲೇ ಇತ್ತು. ಅವರಿಗೆ ಹೊಸದಾಗಿ ಏನೂ ಸಿಗಲಿಲ್ಲ. ಕೊನೆಗೆ ವೀ ಯು ಖರ್ಚಾದದ್ದು ಸುಮಾರು 1 ಕೋಟಿ 35 ಲಕ್ಷ. ನಿಂಟೆಂಡೊಗೆ ಅದು ದೊಡ್ಡ ಸೋಲು.

"ಆಯಿತು, ಒಪ್ಪಿದೆ. ಆದರೆ ನಿನ್ನ ಸ್ವಿಚ್‌ನಲ್ಲಿ ನೀವಿಬ್ಬರೂ ಹಗಲೂ ರಾತ್ರಿ ಓಡಿಸುತ್ತಿದ್ದ ಆ ಪುಟ್ಟ ಗಾಡಿಗಳ ಆಟ ಯಾವುದಪ್ಪ?" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕುಬಿಟ್ಟ. ಆ ಆಟದ ಹೆಸರು ಮಾರಿಯೊ ಕಾರ್ಟ್ 8 ಡೀಲಕ್ಸ್. 2017ರ ಮಾರ್ಚ್ 3ರಂದು ಸ್ವಿಚ್ ಬಂದಿತು. ಏಪ್ರಿಲ್ 28ಕ್ಕೆ ಈ ಆಟ. ಅದು ಹೊಸದಲ್ಲ. 2014ರಲ್ಲಿ ಅದೇ ವೀ ಯುವಿಗೆಂದು ಬಂದಿದ್ದ ಆಟದ ನಾಟಿ. ವೀ ಯುವಿನಲ್ಲಿ ಅದರ ಸುಮಾರು 84 ಲಕ್ಷ ಪ್ರತಿಗಳು ಖರ್ಚಾಗಿದ್ದವು. ಸ್ವಿಚ್‌ನಲ್ಲಿ ಅದು 6 ಕೋಟಿ 50 ಲಕ್ಷವನ್ನು ದಾಟಿದೆ. ಸ್ವಿಚ್‌ನ ಅತಿ ಹೆಚ್ಚು ಮಾರಾಟವಾದ ಆಟ ಅದೇ. ಯಂತ್ರದ ಹೆಸರು ಹೇಳಿದೊಡನೆ ನೆನಪಾಗುವ ಜೆಲ್ಡಾ, ಬ್ರೆತ್ ಆಫ್ ದ ವೈಲ್ಡ್ ಕೂಡ ಸ್ವಿಚ್ ಬಂದ ದಿನವೇ ವೀ ಯುವಿಗೂ ಬಂದ ಆಟ.

ಅದೇ ಕಂಪನಿ, ಒಂದೇ ಬಗೆಯ ಉಪಾಯ. ಒಮ್ಮೆ ಸೋಲು, ಒಮ್ಮೆ ಗೆಲುವು. ವ್ಯತ್ಯಾಸ ಎಲ್ಲಿದೆ? ನನಗೆ ಹೊಳೆದದ್ದು ಇಷ್ಟು. ವೀ ಯುವಿನ ಮೊದಲ ಸಾಲಿಗೆ ಬಂದ ಆಟಗಳನ್ನು ಆಡಬಯಸಿದವರೆಲ್ಲ ಆಡಿಯಾಗಿತ್ತು. ಸ್ವಿಚ್‌ಗೆ ಬಂದ ಮಾರಿಯೊ ಕಾರ್ಟನ್ನು ಹೆಚ್ಚಿನ ಜನ ನೋಡಿಯೇ ಇರಲಿಲ್ಲ; ವೀ ಯು ಕೊಂಡವರೇ ಕಡಿಮೆ. ಆ ಸೋಲೇ ಮುಂದಿನ ಬೆಳೆಗೆ ಗೊಬ್ಬರವಾಯಿತು. ಎರಡನೆಯದಾಗಿ, ನೆಡುವಾಗ ಎಚ್ಚರ ವಹಿಸಿದ್ದರು. ಮೂಲದಲ್ಲಿ ಕಾಳಗದ ಆಟಕ್ಕೆ ತಕ್ಕ ಕಣಗಳಿಲ್ಲವೆಂಬ ದೂರಿತ್ತು; ಇದರಲ್ಲಿ ಅವುಗಳನ್ನು ಹೊಸದಾಗಿ ಕಟ್ಟಿದರು. ಗಾಡಿ ದಾರಿ ಬಿಟ್ಟು ಬೀಳದಂತೆ ತಾನೇ ನೋಡಿಕೊಳ್ಳುವ ಒಂದು ಸೌಕರ್ಯವನ್ನೂ ಸೇರಿಸಿದರು. ನಾಲ್ಕು ವರ್ಷದ ಮಗುವೂ ಎಪ್ಪತ್ತು ದಾಟಿದ ಅಜ್ಜನೂ ಅದರಿಂದಲೇ ಆಟದಲ್ಲಿ ಪಾಲುಗೊಳ್ಳುವಂತಾಯಿತು. ಮೂರನೆಯದಾಗಿ, ಯಂತ್ರವನ್ನು ಟಿವಿಯಿಂದ ಕಳಚಿ ಬಸ್ಸಿನಲ್ಲಿಯೂ ಹಾಸಿಗೆಯಲ್ಲಿಯೂ ಆಡಬಹುದಿತ್ತು. ಕೊನೆಯದಾಗಿ, ಅದೇ 2017ರ ಅಕ್ಟೋಬರಿಗೆ ಸೂಪರ್ ಮಾರಿಯೊ ಒಡಿಸ್ಸಿ ಎಂಬ ಸ್ವಿಚ್‌ನದೇ ಆದ ಆಟ ಬಂದಿತು. ಹಳೆಯದು ಜನರನ್ನು ಬಾಗಿಲಿಗೆ ಕರೆತಂದಾಗ ಒಳಗೆ ಅಡುಗೆ ನಡೆಯುತ್ತಿತ್ತು.

ಇಷ್ಟು ಬರೆದುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಟಗಳ ವಿಷಯ ಓದುತ್ತ ಓದುತ್ತ ನನ್ನದೇ ಒಂದು ಹಳೆಯ ತಪ್ಪಿನ ಮುಂದೆ ಹೋಗಿ ನಿಂತಿದ್ದೆ. ಮೊದಲಲ್ಲಿ ಹೇಳುತ್ತೇನೆಂದ ಕಾರಣ ಇದೇ.

1974ರಲ್ಲಿ ನಮ್ಮ ಹೈಸ್ಕೂಲು ಆರಂಭವಾದಾಗ ಎಂಟನೆಯ ತರಗತಿಯೊಂದೇ ಇತ್ತು. ನಾನು ಇಪ್ಪತ್ತಾರರ ಹುಡುಗ. ಗ್ರಂಥಾಲಯದ ಹೊಣೆ ನನ್ನದು. ಗಾಜಿನ ಬಾಗಿಲಿನ ಹೊಸ ಬೀರು ಬಂದಿತ್ತು, ಪುಸ್ತಕಗಳು ಬಂದಿರಲಿಲ್ಲ. ಒಂದು ದಿನ ಪಕ್ಕದ ಊರಿನ ನಿವೃತ್ತ ಮೇಷ್ಟ್ರೊಬ್ಬರು ಎತ್ತಿನ ಗಾಡಿಯಲ್ಲಿ ಎರಡು ಟ್ರಂಕು ಪುಸ್ತಕಗಳನ್ನು ಹೇರಿಕೊಂಡು ಬಂದರು. ಒಂದನ್ನು ತೆರೆದು ತೋರಿಸಿದರು. ಕಾರಂತರು, ಮಾಸ್ತಿ, ತ್ರಿವೇಣಿ. ದಾರ ಹಾಕಿ ಹೊಲಿದ ಚಂದಮಾಮದ ಸಂಚಿಕೆಗಳು. ರಟ್ಟು ಕಿತ್ತಿತ್ತು, ಕೆಲವಕ್ಕೆ ಮೊದಲ ಹಾಳೆ ಇರಲಿಲ್ಲ. ನಾನು ಕೈ ಮುಗಿದು, "ಸರ್, ಅನುದಾನ ಬರುತ್ತದೆ. ಹೊಸ ಶಾಲೆಗೆ ಹೊಸ ಪುಸ್ತಕಗಳನ್ನೇ ತರಿಸುತ್ತೇವೆ" ಎಂದೆ. ಹೇಳುವಾಗ ಹೆಮ್ಮೆಯೇ ಇತ್ತು. ಅವರು ಏನೂ ಅನ್ನಲಿಲ್ಲ. ಟ್ರಂಕಿನ ಮುಚ್ಚಳ ಹಾಕಿ ಗಾಡಿ ತಿರುಗಿಸಿದರು.

ಅನುದಾನ ಬಂದದ್ದು 1977ರ ಜುಲೈಯಲ್ಲಿ. ಎಂಟನೆಯ ತರಗತಿಗೆ ಸೇರಿದ್ದ ಮೊದಲ ಬ್ಯಾಚು ಆ ಹೊತ್ತಿಗೆ ಹತ್ತನೆಯದನ್ನು ಮುಗಿಸಿ ಹೊರಟುಹೋಗಿತ್ತು. ಅವರಲ್ಲಿ ಬಹಳ ಮಂದಿಗೆ ಮುಂದೆ ಓದುವ ಅವಕಾಶವೂ ದೊರೆಯಲಿಲ್ಲ. ಹೊಸ ಪುಸ್ತಕಗಳು ಬಂದ ಮೇಲೆಯೂ ಬೀರು ತುಂಬಲಿಲ್ಲವೆಂದು ನಾನು ಆ ಮೇಷ್ಟ್ರ ಮನೆಗೆ ಹೋದೆ. ಅವರು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಟ್ರಂಕುಗಳು ಅಟ್ಟದ ಮೇಲಿದ್ದವು. ಇಳಿಸಿ ತೆರೆದರೆ ಗೆದ್ದಲು.

ಎಷ್ಟೋ ವರ್ಷಗಳ ಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿದ್ದಾಗ ಆ ಬ್ಯಾಚಿನವನೊಬ್ಬ ನಗುತ್ತ ಹೇಳಿದ: "ಸಾರ್, ನಮ್ಮ ಕಾಲದಲ್ಲಿ ಬೀರು ಮಾತ್ರ ಇತ್ತು. ಆ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ತಾ ಇದ್ವಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ಟ್ರಂಕಿನ ಸಂಗತಿಯನ್ನು ಮಾತ್ರ ಅಂದು ಹೇಳಲು ಬಾಯಿ ಬರಲಿಲ್ಲ.

ನಾನು ಅಂದು ಮಾಡಿದ ತಪ್ಪು ಲೆಕ್ಕದ್ದು. ಪುಸ್ತಕದ ವಯಸ್ಸನ್ನು ಎಣಿಸಿದೆ. ಓದುವವನು ಅದನ್ನು ಓದಿದ್ದಾನೆಯೇ ಎಂದು ಕೇಳಿಕೊಳ್ಳಲಿಲ್ಲ. ಎಂಟನೆಯ ತರಗತಿಯ ಮಗುವಿಗೆ ಚಂದಮಾಮದ ಹತ್ತು ವರ್ಷ ಹಿಂದಿನ ಸಂಚಿಕೆಯೂ ಅಂದೇ ಅಚ್ಚಾದದ್ದು. ಮನೆಯಲ್ಲಿ ನಾವೆಲ್ಲ ಅಣ್ಣಂದಿರ ಪಠ್ಯಪುಸ್ತಕಗಳಿಗೆ ಪತ್ರಿಕೆಯ ಹೊದಿಕೆ ಹಾಕಿಕೊಂಡು ಓದಿ ಮುಂದೆ ಬಂದವರೇ. ಅದನ್ನು ಮರೆತು ಮೂರು ವರ್ಷ ಮಕ್ಕಳನ್ನು ಖಾಲಿ ಬೀರುವಿನ ಮುಂದೆ ನಿಲ್ಲಿಸಿದೆ. ಆ ಟ್ರಂಕುಗಳನ್ನು ಇಳಿಸಿಕೊಂಡು, ಇನ್ನು ಹೊಸ ಪುಸ್ತಕ ಬೇಡವೆಂದು ಸುಮ್ಮನಾಗಿದ್ದರೆ ಅದೂ ತಪ್ಪೇ ಆಗುತ್ತಿತ್ತು. ಮಕ್ಕಳು ಎರಡು ಟ್ರಂಕನ್ನು ಒಂದು ವರ್ಷದಲ್ಲಿ ಓದಿ ಮುಗಿಸುತ್ತಾರೆ.

ಮರುದಿನ ಬೆಳಗ್ಗೆ ಕಿರಿಯವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ: "ಅಣ್ಣ ಆಡಿ ಮುಗಿಸಿದ ಆಟಗಳಲ್ಲಿ ನೀನು ಪೂರ್ತಿ ಆಡಿದ್ದು ಎಷ್ಟು?"

ಸ್ವಲ್ಪ ಹೊತ್ತು ಬಿಟ್ಟು ಹೇಳಿದ. "ಕಾರ್ಟ್ ಆಡಿದ್ದೇನೆ ಅಜ್ಜ. ಜೆಲ್ಡಾ ಆಡಿಲ್ಲ. ಅವನು ಆಡುವಾಗ ಹಿಂದೆ ಕೂತು ನೋಡಿದ್ದೇನೆ."

ಚಪಾತಿ ಹರಿಯುತ್ತಿದ್ದ ಆ ಸಂಜೆಯ ಮೌನಕ್ಕೆ ಅರ್ಥ ದೊರೆಯಿತು. ಮನೆಯವರೆಲ್ಲ 'ಹಳೆಯ ಆಟ' ಎನ್ನುತ್ತಿದ್ದದ್ದು ಅಣ್ಣನ ಲೆಕ್ಕದಲ್ಲಿ ಹಳೆಯದು. ತಮ್ಮ ಅವನ ಭುಜದ ಹಿಂದಿನಿಂದ ಇಣುಕಿ ನೋಡಿದ್ದನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ.

ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಮೂರು ಕಾಲಮ್ಮು ಎಳೆದೆವು. ಮೊದಲನೆಯದು, ಈ ಮೊದಲೇ ಬೇರೆಡೆ ಇದ್ದ, ಅವನು ಆಡಿರದ, ಆಡಬಹುದಾದ ಆಟಗಳು. ಅದರಲ್ಲಿ ನಾಗರಿಕತೆಗಳನ್ನು ಕಟ್ಟುವ ಸಿವಿಲೈಸೇಶನ್ 7 ಸೇರಿತು. ಅದು ಬೇರೆ ಯಂತ್ರಗಳಿಗೆ ಅದೇ ಫೆಬ್ರುವರಿಯಲ್ಲಿ ಬಂದಿತ್ತು. ಸ್ವಿಚ್ 2ರ ಕೈಪಿಡಿಯನ್ನು ಮೇಜಿನ ಮೇಲೆ ಕಂಪ್ಯೂಟರಿನ ಮೌಸಿನಂತೆ ಜಾರಿಸಿ ಅದನ್ನು ಆಡಬಹುದು. ಹೊಸ ಗದ್ದೆಯಲ್ಲಿ ಬೇರು ಬಿಡುವುದೆಂದರೆ ಇದೇ. ನಾಯಕರ ಸಾಲಿನಲ್ಲಿ ಅಶೋಕನೂ ಇದ್ದಾನೆಂದು ತಿಳಿದು ನನಗೆ ಸಂತೋಷವಾಯಿತು.

ಎರಡನೆಯ ಕಾಲಮ್ಮು, ಅವನ ವಯಸ್ಸಿಗೆ ಸಲ್ಲದವು. ಸೈಬರ್‌ಪಂಕ್ 2077 ಅಲ್ಲಿಗೆ ಹೋಯಿತು. ಅದರ ಕತೆಯೂ ತಿಳಿಯತಕ್ಕದ್ದೇ. 2020ರ ಡಿಸೆಂಬರಿನಲ್ಲಿ ಬಂದಾಗ ಹಳೆಯ ಯಂತ್ರಗಳಲ್ಲಿ ಅದು ಎಷ್ಟು ಎಡವಿತೆಂದರೆ ಸೋನಿ ಸಂಸ್ಥೆ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ಕೆಲವು ತಿಂಗಳು ತೆಗೆದೇಬಿಟ್ಟಿತ್ತು. ತಿದ್ದಿ ತೀಡಿದ ಅದೇ ಆಟ, ನಂತರದ ವಿಸ್ತರಣೆಯನ್ನೂ ಸೇರಿಸಿಕೊಂಡು, ಸ್ವಿಚ್ 2ಕ್ಕೆ ಪೂರ್ತಿಯಾಗಿ ಕಾರ್ಡಿನಲ್ಲಿಯೇ ಬಂದಿತು. ಬೇರೆ ಹಲವು ನಾಟಿ ಆಟಗಳ ಕಾರ್ಡಿನಲ್ಲಿ ಬೀಗದಕೈ ಮಾತ್ರ ಇರುತ್ತದೆ; ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. ಒಳ್ಳೆಯ ನಾಟಿಯೇ ಸರಿ. ಆದರೆ ದೊಡ್ಡವರ ಆಟ. ಅಂಗಡಿಯವರ ಎಣಿಕೆಗೆ ಸೇರುತ್ತದೆ, ಹನ್ನೆರಡರ ಹುಡುಗನ ಕಪಾಟಿಗೆ ಸೇರುವುದಿಲ್ಲ.

ಮೂರನೆಯದು, ಈ ಯಂತ್ರಕ್ಕೆಂದೇ ಹೊರಬಂದವು. ಮೊದಲ ದಿನದ್ದು ಮಾರಿಯೊ ಕಾರ್ಟ್ ವರ್ಲ್ಡ್. ಜುಲೈ 17ಕ್ಕೆ ಬರಲಿದ್ದದ್ದು ಡಾಂಕಿ ಕಾಂಗ್ ಬನಾಂಜ. 1983ರಲ್ಲಿ ನಾಟಿಯಾಗಿ ಬಂದಿದ್ದ ಅದೇ ಡಾಂಕಿ ಕಾಂಗ್ ಈ ಸಲ ಮನೆಮಗನಾಗಿ ಬರುತ್ತಿದ್ದ. ಈ ಕಾಲಮ್ಮು ಗಿಡ್ಡವೆಂದು ಒಪ್ಪಲೇಬೇಕಾಯಿತು. ಹಿರಿಯವನ ದೂರಿನಲ್ಲಿ ಅಷ್ಟು ಸತ್ಯವಿತ್ತು.

ಹಾಳೆಯನ್ನು ನೋಡಿದ ಹಿರಿಯವನು ಒಂದು ತಿದ್ದುಪಡಿ ಸೂಚಿಸಿದ. ಹಳೆಯ ಸ್ವಿಚ್‌ನ ಕಾರ್ಡುಗಳಲ್ಲಿ ಬಹುಪಾಲು ಸ್ವಿಚ್ 2ರಲ್ಲಿಯೂ ನಡೆಯುತ್ತವೆ. ಅದಕ್ಕೆ ಪೋರ್ಟ್ ಬೇಕಿಲ್ಲ. ಹೊಸ ಯಂತ್ರ ಹಳೆಯ ಅಕ್ಷರವನ್ನೂ ಓದಬಲ್ಲದು. ಪ್ಲೇಸ್ಟೇಷನ್ 4 ಹಾಗಿರಲಿಲ್ಲ. ಹಿಂದಿನ ಯಂತ್ರದ ಡಿಸ್ಕುಗಳು ಅದರಲ್ಲಿ ನಡೆಯುತ್ತಿರಲಿಲ್ಲ. ಹೀಗಾಗಿ 2013ರ ದ ಲಾಸ್ಟ್ ಆಫ್ ಅಸ್ ಎಂಬ ಆಟ 2014ರಲ್ಲೇ ಅದಕ್ಕೆ ನಾಟಿಯಾಗಿ ಬಂದದ್ದು ಉಪಯುಕ್ತವೆನಿಸಿತು. ಹಳೆಯ ಕಾರ್ಡೇ ನಡೆಯುವಲ್ಲಿ ಅದೇ ಆಟವನ್ನು ಮತ್ತೆ ಮಾರುವವರು ಇನ್ನೂ ಹೆಚ್ಚಿನದೇನನ್ನಾದರೂ ಕೊಡಬೇಕು. ಎರಡು ಜೆಲ್ಡಾ ಆಟಗಳ ಕಾರ್ಡು ಇರುವವರು ಒಂದೊಂದಕ್ಕೆ 9 ಡಾಲರ್ 99 ಸೆಂಟ್ ಕೊಟ್ಟರೆ ಹೆಚ್ಚು ಸ್ಪಷ್ಟವಾದ ಚಿತ್ರವೂ ನುಣುಪಾದ ಚಲನೆಯೂ ದೊರೆಯುತ್ತವೆ; ಕೊಡದಿದ್ದರೂ ಆಟ ನಡೆಯುತ್ತದೆ.

ಮಾತು ಮುಗಿಸಿ ಹಿರಿಯವನು ಎದ್ದುಹೋದ. ಕೊಠಡಿಯಿಂದ ತನ್ನ ಕಾರ್ಡುಗಳ ಡಬ್ಬಿ ತಂದು ಎರಡನ್ನು ಮಾತ್ರ ತೆಗೆದಿಟ್ಟುಕೊಂಡು ಉಳಿದದ್ದನ್ನು ತಮ್ಮನ ಮುಂದೆ ಇಟ್ಟ. ಮಗಳು ಏನೂ ಹೇಳಲಿಲ್ಲ. ಆ ವಾರ ಯಂತ್ರ ಬಂದಿತು.

ನನ್ನ ತೀರ್ಪು ಇಷ್ಟೇ. ಹಳೆಯ ಆಟಗಳು ಹೊಸ ಯಂತ್ರದ ಕಪಾಟನ್ನು ಬಲಪಡಿಸುತ್ತವೆಯೇ ಎಂದರೆ, ಅವು ಈ ತನಕ ತಲುಪದವರನ್ನು ತಲುಪುತ್ತಿದ್ದರೆ, ಶ್ರದ್ಧೆಯಿಂದ ನೆಟ್ಟಿದ್ದರೆ, ಹೌದು. ಆಡಿ ಮುಗಿಸಿದವರಿಗೇ ಮತ್ತೆ ಅದನ್ನೇ ಬಡಿಸಿದರೆ ಇಲ್ಲ. ಹೌದೆಂದ ಕಡೆಯಲ್ಲಿಯೂ ಅವು ಕೊಡುವುದು ಒಂದೆರಡು ವರ್ಷಗಳ ಅವಕಾಶವನ್ನು ಮಾತ್ರ. ಆ ಅವಕಾಶದಲ್ಲಿ ಹೊಸದನ್ನು ಕಟ್ಟದಿದ್ದರೆ ಯಂತ್ರ ಉಳಿಯುವುದಿಲ್ಲ. ಚಿತ್ರಾನ್ನದ ವಿಷಯದಲ್ಲಿ ಮಗಳಿಗೆ ನಾನು ಹೇಳಿದ್ದೂ ಅದನ್ನೇ: ಆರಿದ ಅನ್ನದ ಚಿತ್ರಾನ್ನವೇ ರುಚಿ, ಆದರೆ ಮಧ್ಯಾಹ್ನಕ್ಕೆ ಬೇರೆ ಅಡುಗೆ ಆಗಲೇಬೇಕು.

ನಾವು ಊರಿಗೆ ಹೊರಡುವ ಮುನ್ನ ಹಿರಿಯವನು ಕಾಲೇಜು ಸೇರಿದ್ದ. ಕಿರಿಯವನು ಜೆಲ್ಡಾದಲ್ಲಿ ತನ್ನದೇ ದಾರಿ ಹಿಡಿದು ತಿರುಗುತ್ತಿದ್ದ. ಆ ಆಟದಲ್ಲಿ ಹುಡುಕಬೇಕಾದ ಗುಡಿಗಳು 120; ಅಣ್ಣ ಕಂಡದ್ದು 117 ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ರಾತ್ರಿ ಫೋನಿನಲ್ಲಿ ತಮ್ಮ ಅಣ್ಣನಿಗೆ ಹೇಳುತ್ತಿದ್ದ, "ನೀನು ನೋಡದ ಒಂದು ಸಿಕ್ಕಿದೆ. ಎಲ್ಲಿ ಅಂತ ಹೇಳಲ್ಲ." ಆ ಕಡೆಯಿಂದ ಕೂಗು ಕೇಳಿಸಿತು. ದಾರಿ ಬಿಟ್ಟು ಬೀಳದ ಸೌಕರ್ಯವನ್ನು ಹಾಕಿಕೊಂಡು ನಾನೂ ಒಂದು ದಿನ ಗಾಡಿ ಓಡಿಸಿದೆ. ಹನ್ನೆರಡು ಜನರಲ್ಲಿ ಹತ್ತನೆಯವನಾದೆ.

1977ರ ಬ್ಯಾಚಿನವರೇ, ನಿಮ್ಮಲ್ಲಿ ಕೆಲವರು ಇದನ್ನು ಓದುತ್ತೀರೆಂದು ಬಲ್ಲೆ. ಅಂದು ನಗುತ್ತ ಕೇಳಿಸಿಕೊಂಡು ಸುಮ್ಮನಾದದ್ದಕ್ಕೆ, ಅದಕ್ಕೂ ಮೊದಲು ಆ ಗಾಡಿಯನ್ನು ತಿರುಗಿಸಿ ಕಳಿಸಿದ್ದಕ್ಕೆ, ನಿಮ್ಮ ಮೇಷ್ಟ್ರನ್ನು ಕ್ಷಮಿಸಿ. ನನ್ನ ಮನೆಯ ಪುಸ್ತಕಗಳನ್ನು ಈಗ ಎರಡು ಬೀರುಗಳಿಂದ ಇಳಿಸಿ ಪಟ್ಟಿ ಮಾಡುತ್ತಿದ್ದೇನೆ. ರಟ್ಟು ಕಿತ್ತವೂ ಇವೆ. ನಿಮಗೋ ನಿಮ್ಮ ಮೊಮ್ಮಕ್ಕಳಿಗೋ ಬೇಕಾದದ್ದನ್ನು ಬರೆದು ತಿಳಿಸಿ. ಹಳೆಯದೆಂದು ಸಂಕೋಚಪಡದೆ ಕಳಿಸಿಕೊಡುತ್ತೇನೆ.